ಶಿಖರ ಏರುವ ದಿನ ಮೋಡ ಕವಿದರೆ?

ದಸರಾ ರಜೆ ಮುಗಿಯುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಶನಿವಾರ, ಭಾನುವಾರ ಯಾವುದಾದರೂ ಬೆಟ್ಟ ಹತ್ತಿ ಬರೋಣವೇ? ಚಿಕ್ಕಪ್ಪನೋ ಮಾವನೋ ಕುಮಾರ ಪರ್ವತದ ಹೆಸರು ಎತ್ತುತ್ತಾರೆ. ಮಕ್ಕಳು ಆಗಲೇ ಬ್ಯಾಗು ತುಂಬತೊಡಗುತ್ತಾರೆ. ಅಷ್ಟರಲ್ಲಿ ಹವಾಮಾನ ವರದಿ ಬರುತ್ತದೆ: ‘ಕರಾವಳಿ ಹಾಗೂ ಮಲೆನಾಡಿನ ಕೆಲವು ಕಡೆಗಳಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ.’

“ಬೇಡ, ಈ ವಾರ ಬೇಡ” ಅನ್ನುತ್ತಾರೆ ಅಜ್ಜಿ. “ಏನೂ ಆಗಲ್ಲ ಅಜ್ಜಿ, ಸಾಧ್ಯತೆ ಅಂತ ಅಷ್ಟೇ ಹೇಳಿದ್ದು” ಅನ್ನುತ್ತಾರೆ ಮೊಮ್ಮಕ್ಕಳು.

ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಮಳೆ ಬರಬಹುದೆಂದು ಪ್ರತಿ ವಾರವೂ ಮನೆಯಲ್ಲೇ ಕೂತರೆ ಬೆಟ್ಟ ನೋಡುವುದು ಯಾವಾಗ? ಏನೂ ಆಗುವುದಿಲ್ಲವೆಂದು ಹೊರಟವರು ಕತ್ತಲಲ್ಲಿ ದಾರಿ ತಪ್ಪಿ, ಊರಿನವರೂ ಅರಣ್ಯ ಸಿಬ್ಬಂದಿಯೂ ಟಾರ್ಚ್ ಹಿಡಿದು ಹುಡುಕಲು ಹೊರಟ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಹಾಗಾದರೆ ಏನು ಮಾಡಬೇಕು? ಅನುಭವಿ ಚಾರಣಿಗರು ಇದಕ್ಕೊಂದು ಸರಳ ದಾರಿ ಕಂಡುಕೊಂಡಿದ್ದಾರೆ. ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಯೋಚಿಸುವಾಗಲೇ, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂಬುದನ್ನೂ ಅವರು ನಿರ್ಧರಿಸಿಬಿಡುತ್ತಾರೆ. ಅದನ್ನು ನಿರ್ಧರಿಸುವುದು ಹೇಗೆ ಎಂದು ಕುಮಾರ ಪರ್ವತವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕೆಳಗೆ ಬಿಸಿಲು, ಮೇಲೆ ಮಂಜು

ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿ ನಿಂತಿರುವ ಕುಮಾರ ಪರ್ವತದ ಎತ್ತರ ಸಮುದ್ರಮಟ್ಟದಿಂದ 1712 ಮೀಟರ್. ಪುಷ್ಪಗಿರಿ ಎಂಬುದು ಇದರ ಇನ್ನೊಂದು ಹೆಸರು. ಸುತ್ತಲಿನ ಪುಷ್ಪಗಿರಿ ವನ್ಯಜೀವಿ ಧಾಮವು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಬೆಟ್ಟದ ಬುಡದಲ್ಲಿ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರವಿದೆ. ಭಕ್ತರು ಮಿಂದು ದೇವರ ದರ್ಶನಕ್ಕೆ ಹೋಗುವ ಕುಮಾರಧಾರಾ ನದಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಅದು ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಕಡಲಿಗೆ ಹೋಗುತ್ತದೆ.

ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟಗಳಿವೆ. ಎಲ್ಲಕ್ಕಿಂತ ಎತ್ತರದ್ದು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್. ಆದರೆ ಅಲ್ಲಿ ಬಹಳಷ್ಟು ಎತ್ತರದವರೆಗೆ ವಾಹನ ಹೋಗುತ್ತದೆ. ಕೊನೆಯ ಭಾಗಕ್ಕೆ ಮೆಟ್ಟಿಲುಗಳಿವೆ. ಕುಕ್ಕೆಯ ಕಥೆ ಬೇರೆ. ಆ ಊರು ಇರುವುದು ಘಟ್ಟದ ಕೆಳಗೆ. ಅಲ್ಲಿಂದ ಹೊರಟವರು ಸುಮಾರು 1600 ಮೀಟರ್ ಎತ್ತರವನ್ನು ತಮ್ಮ ಕಾಲ ಮೇಲೆಯೇ ಏರಬೇಕು. ಹೋಗಿ ಬರುವ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು.

ಮೊದಲು ಸಿಗುವುದು ದಟ್ಟ ಕಾಡು. ಬೇರುಗಳ ಮೇಲೆ ಹೆಜ್ಜೆಯಿಡುತ್ತಾ ಏರಿದರೆ ಗಿರಿಗದ್ದೆ. ಕಾಡಿನ ನಡುವೆ ಹಸಿದು ಬಂದ ಚಾರಣಿಗರಿಗೆ ಅನ್ನ ಸಾರು ಬಡಿಸುತ್ತಾ ಬಂದ ‘ಭಟ್ಟರ ಮನೆ’ ಇರುವುದು ಇಲ್ಲೇ. ಅಲ್ಲಿಂದ ಮುಂದೆ ಮರಗಳ ನೆರಳು ಮುಗಿದು ಹುಲ್ಲುಗುಡ್ಡ ಶುರುವಾಗುತ್ತದೆ. ಬಿಸಿಲಿದ್ದರೆ ಬಿಸಿಲು, ಗಾಳಿಯಿದ್ದರೆ ಗಾಳಿ, ಮರೆಯೆಂಬುದಿಲ್ಲ. ಕಲ್ಲುಮಂಟಪ ದಾಟಿ ಶೇಷ ಪರ್ವತ ಏರಿ, ನಡುವಿನ ಕಾಡಿಗೆ ಇಳಿದು, ಮತ್ತೆ ಬಂಡೆಗಳ ಮೇಲೆ ಹತ್ತಿದರೆ ಕುಮಾರ ಪರ್ವತದ ನೆತ್ತಿ. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯ ಅರ್ಥ ಇಲ್ಲಿ ಕಾಲಿಗೇ ಗೊತ್ತಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ ಮಕ್ಕಳೇ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತಾ ಹೋಗುತ್ತದೆ. ಸರಾಸರಿ ಪ್ರತಿ 1000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕುಕ್ಕೆಯಲ್ಲಿ 30 ಡಿಗ್ರಿ ಇದ್ದರೆ, 1600 ಮೀಟರ್ ಮೇಲೆ ಎಷ್ಟಿರಬಹುದು? ಹತ್ತು ಡಿಗ್ರಿ ಕಳೆಯಿರಿ. ಸುಮಾರು 20 ಡಿಗ್ರಿ. ಅದೇನೂ ದೊಡ್ಡ ಚಳಿಯಲ್ಲ. ಆದರೆ ಬೆವರಿನಿಂದಲೋ ಮಳೆಯಿಂದಲೋ ಬಟ್ಟೆ ತೊಯ್ದು, ಅದರ ಮೇಲೆ ಬೆಟ್ಟದ ಗಾಳಿ ಬೀಸಿದರೆ ಹಲ್ಲು ಕಟಕಟ ಎನ್ನಲು ಅಷ್ಟೇ ಸಾಕು.

ಬೆಟ್ಟ ಮೋಡವನ್ನು ಹೇಗೆ ಹುಟ್ಟಿಸುತ್ತದೆ?

ಫ್ರಿಜ್ಜಿನಿಂದ ತಣ್ಣೀರಿನ ಸ್ಟೀಲ್ ಚೊಂಬು ತೆಗೆದು ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿಗೆ ಅದರ ಹೊರಮೈ ಮೇಲೆ ನೀರಿನ ಹನಿಗಳು ಮೂಡುತ್ತವೆ. ಚೊಂಬು ಸೋರಿಲ್ಲ. ಗಾಳಿಯಲ್ಲಿ ಕಣ್ಣಿಗೆ ಕಾಣದ ಹಾಗೆ ಇದ್ದ ನೀರಿನ ಆವಿ ತಣ್ಣಗಿನ ಲೋಹ ತಾಗಿ ಹನಿಯಾಗಿದೆ.

ಬೆಟ್ಟದಲ್ಲೂ ಇಂಥದೇ ನಡೆಯುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ಆವಿ ತುಂಬಿರುತ್ತದೆ. ಎದುರಿಗೆ ಘಟ್ಟ ಗೋಡೆಯಂತೆ ನಿಂತಿರುವುದರಿಂದ ಗಾಳಿ ಮೇಲೇರಲೇಬೇಕು. ಏರಿದಂತೆ ತಣ್ಣಗಾಗುತ್ತದೆ, ಆವಿ ಹನಿಗಟ್ಟಿ ಮೋಡವಾಗುತ್ತದೆ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವುದಕ್ಕೆ ಇದೇ ಕಾರಣ. ಅಲ್ಲಿಂದ ಮೂಡಲಿಗೆ ಬಸ್ಸಿನಲ್ಲಿ ಕೆಲವೇ ತಾಸು ಹೋದರೆ ಸಿಗುವ ಶಿವಮೊಗ್ಗ ಊರಿನಲ್ಲಿ ಅದರ ಕಾಲು ಭಾಗದಷ್ಟೂ ಮಳೆಯಾಗುವುದಿಲ್ಲ.

ಇದರಿಂದ ಚಾರಣಿಗರು ಕಲಿಯಬೇಕಾದ ಪಾಠವೊಂದಿದೆ. ಮೊಬೈಲಿನಲ್ಲಿ ಊರಿನ ಹೆಸರು ಒತ್ತಿದರೆ ಬರುವ ಹವಾಮಾನ ಆ ಊರಿನದು. ಅದರ ಬೆನ್ನಿಗಿರುವ ಬೆಟ್ಟದ ನೆತ್ತಿಯಲ್ಲಿ ಅದೇ ಹೊತ್ತಿಗೆ ಬೇರೆಯದೇ ಹವೆ ಇರಬಹುದು. ಕುಕ್ಕೆಯ ರಥಬೀದಿಯಲ್ಲಿ ಬಿಸಿಲಿಗೆ ಕೊಡೆ ಹಿಡಿದವರು ನಡೆಯುತ್ತಿರುವಾಗ ಶೇಷ ಪರ್ವತದ ಮೇಲೆ ಹತ್ತು ಹೆಜ್ಜೆ ಮುಂದಿರುವವರು ಕಾಣದಷ್ಟು ಮಂಜು ಮುಸುಕಿರಬಹುದು.

ಕುರುಡು ಚಿತ್ತೆಯ ಕಾಲ

ಮುಂಗಾರಿನ ತಿಂಗಳುಗಳಲ್ಲಿ ಈ ದಾರಿಯಲ್ಲಿ ಚಾರಣ ಬಂದ್. ಹೊಳೆ ಹಳ್ಳಗಳು ತುಂಬಿರುತ್ತವೆ, ಬಂಡೆ ಜಾರುತ್ತದೆ, ಉಂಬಳಗಳು ಕಾಲಿಗೆ ಹತ್ತುತ್ತವೆ. ಮಳೆಗಾಲ ಮುಗಿದು ಚಾರಣದ ದಿನಗಳು ಶುರುವಾಗುವುದು ಅಕ್ಟೋಬರ್ ಸುಮಾರಿಗೆ. ಆ ಹೊತ್ತಿಗೆ ಹುಲ್ಲು ಹಸಿರಾಗಿರುತ್ತದೆ, ಝರಿಗಳಲ್ಲಿ ನೀರಿರುತ್ತದೆ, ಎಲ್ಲರಿಗೂ ಹೋಗುವ ಮನಸ್ಸಾಗುವುದೂ ಆಗಲೇ. ಆದರೆ ಮಳೆ ಪೂರ್ತಿ ಹೋಗಿರುವುದಿಲ್ಲ.

ಇದನ್ನು ನಮ್ಮ ಅಜ್ಜ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆದು ಬೇಸಾಯ ಮಾಡಿದವರು ಅವರು. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ, ಅಕ್ಟೋಬರ್ ನಡುವಿನಲ್ಲಿ ಚಿತ್ತಾ ಮಳೆ, ತಿಂಗಳ ಕೊನೆಯಿಂದ ಸ್ವಾತಿ ಮಳೆ. ಇವುಗಳಲ್ಲಿ ಚಿತ್ತಾ ಮಳೆಗೆ ರೈತರು ಇಟ್ಟ ಹೆಸರು ‘ಕುರುಡು ಚಿತ್ತೆ’. ಕಣ್ಣಿಲ್ಲದವರು ಕಾಳು ಎರಚಿದ ಹಾಗೆ, ಒಂದು ಹೊಲಕ್ಕೆ ಸುರಿದು ಪಕ್ಕದ ಹೊಲವನ್ನು ಒಣಗಿಸುವ ಮಳೆ ಅದು.

ಹವಾಮಾನ ಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಮುಂಗಾರಿನಲ್ಲಿ ಮೋಡ ಹಲವು ಜಿಲ್ಲೆಗಳನ್ನು ಒಟ್ಟಿಗೇ ಮುಚ್ಚುತ್ತದೆ. ಹಿಂಗಾರಿನ ದಿನಗಳಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಏರಿದಂತೆ ನೆಲ ಕಾದು, ಬಿಸಿ ಗಾಳಿ ಕಂಬದಂತೆ ಮೇಲೆದ್ದು, ಮಧ್ಯಾಹ್ನದ ಮೇಲೆ ಅಲ್ಲಲ್ಲಿ ಗುಡುಗು ಮೋಡ ಕಟ್ಟುತ್ತದೆ. ಒಂದು ಕಣಿವೆಗೆ ಸುರಿದು, ಮುಂದಿನ ಕಣಿವೆಯನ್ನು ಬಿಟ್ಟುಬಿಡಬಹುದು. ಇದರ ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೋ ವಾಯುಭಾರ ಕುಸಿತವೋ ಆದರೆ ನಮ್ಮಲ್ಲೂ ಎರಡು ಮೂರು ದಿನ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿಯುತ್ತದೆ.

ಆದ್ದರಿಂದಲೇ ಬೆಟ್ಟ ಹತ್ತುವವರು ಬೆಳಗಿನ ಜಾವ ಏಳುತ್ತಾರೆ. ಸೂರ್ಯೋದಯ ನೋಡುವ ಆಸೆ ಒಂದು ಕಡೆಗಿರಲಿ, ಗುಡುಗು ಮೋಡ ಕಟ್ಟುವ ಮೊದಲೇ ಬೋಳು ಗುಡ್ಡದಿಂದ ಕೆಳಗಿಳಿದಿರಬೇಕೆಂಬುದು ಅದರ ಒಳಗುಟ್ಟು.

‘ಒಂದೆರಡು ಕಡೆ’ ಅಂದರೆ ಎಷ್ಟು ಕಡೆ?

‘ರಾಜ್ಯದ ಕರಾವಳಿಯ ಬಹುತೇಕ ಕಡೆಗಳಲ್ಲಿ, ದಕ್ಷಿಣ ಒಳನಾಡಿನ ಕೆಲವು ಕಡೆಗಳಲ್ಲಿ, ಉತ್ತರ ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆಯಾಗುವ ಸಂಭವವಿದೆ.’ ಆಕಾಶವಾಣಿಯಲ್ಲಿ ಈ ಮಾತು ಕೇಳುತ್ತಲೇ ಕಾಫಿ ಕುಡಿದ ತಲೆಮಾರು ನಮ್ಮ ಹಿರಿಯರದು. ಇವು ಬಾಯಿಗೆ ಬಂದಂತೆ ಬಳಸುವ ಪದಗಳಲ್ಲ. 1875ರಲ್ಲಿ ಶುರುವಾದ ಭಾರತ ಹವಾಮಾನ ಇಲಾಖೆ ಪ್ರತಿಯೊಂದಕ್ಕೂ ಲೆಕ್ಕ ಇಟ್ಟಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’, ಶೇ. 26ರಿಂದ 50 ಆದರೆ ‘ಕೆಲವು ಕಡೆ’, ಶೇ. 51ರಿಂದ 75 ಆದರೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ‘ಭಾರಿ ಮಳೆ’ ಎಂಬುದಕ್ಕೂ ಅಳತೆಯಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆಗೆ ಮಾತ್ರ ಆ ಹೆಸರು.

ಬಣ್ಣಗಳ ಭಾಷೆ ಇನ್ನೂ ಸುಲಭ. ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಅಂದರೆ ಗಮನವಿಡಿ. ಕಿತ್ತಳೆ ಅಂದರೆ ತೊಂದರೆ ಎದುರಿಸಲು ಸಿದ್ಧರಾಗಿರಿ. ಕೆಂಪು ಅಂದರೆ ಸುರಕ್ಷತೆಗೆ ಕೂಡಲೇ ಕ್ರಮ ಕೈಗೊಳ್ಳಿ. ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟವರಿಗೆ ಕಿತ್ತಳೆಯೇ ಕೆಂಪು ಎಂದು ತಿಳಿದರೆ ನಷ್ಟವೇನೂ ಇಲ್ಲ. ನಿಜವಾಗಿ ತಲೆ ಕೆಡಿಸುವುದು ಹಳದಿ. ಹೋಗಲೂಬಹುದು, ಬಿಡಲೂಬಹುದು. ಅನಿಶ್ಚಿತ ಹವೆಯ ವಾರಾಂತ್ಯ ಎನ್ನುವುದು ಇದನ್ನೇ.

ವರದಿಯನ್ನು ಒಂದೇ ಸಲ ನೋಡಿ ಬಿಡಬೇಡಿ. ಗುರುವಾರ ಒಮ್ಮೆ, ಶುಕ್ರವಾರ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಒಮ್ಮೆ ನೋಡಿ. ದಿನ ಹತ್ತಿರವಾದಷ್ಟೂ ಮುನ್ಸೂಚನೆ ನಿಖರವಾಗುತ್ತದೆ. ಬುಡದ ಊರಿನವರನ್ನೂ ಕೇಳಿ. “ನಿನ್ನೆ ಮಧ್ಯಾಹ್ನ ಮೇಲೆ ಮಳೆ ಆಯ್ತಾ? ಹಳ್ಳದಲ್ಲಿ ನೀರು ಹೇಗಿದೆ?” ಈ ಎರಡು ಪ್ರಶ್ನೆಗೆ ಅಲ್ಲಿಯ ಅಂಗಡಿಯವರೂ ಅರಣ್ಯ ರಕ್ಷಕರೂ ಕೊಡುವ ಉತ್ತರ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ.

ನಡೆಯುತ್ತಾ ಆಕಾಶ ಓದುವುದು

ಬೆಟ್ಟದಲ್ಲಿ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಬಹುದು: ಮೋಡದ ಕಾವಲು. ಅರ್ಧ ಗಂಟೆಗೊಮ್ಮೆ ನಿಂತು ಆಕಾಶ ನೋಡಿ ಎಲ್ಲರಿಗೂ ವರದಿ ಕೊಡುವುದು.

ಬೆಳಿಗ್ಗೆ ಕೆಳಗಿನ ಕಣಿವೆಯಲ್ಲಿ ಹಾಲು ಚೆಲ್ಲಿದಂತೆ ಮಂಜು ನಿಂತಿದ್ದರೆ ಹೆದರಬೇಕಿಲ್ಲ. ರಾತ್ರಿಯ ತಣ್ಣನೆಯ ಗಾಳಿ ಕಣಿವೆಯಲ್ಲಿ ಕೂತಿರುತ್ತದೆ, ಬಿಸಿಲೇರಿದಂತೆ ಸಾಮಾನ್ಯವಾಗಿ ಕರಗುತ್ತದೆ. ಹತ್ತಿಯುಂಡೆಯಂತಹ ಚಿಕ್ಕ ಮೋಡಗಳು ಅಲ್ಲಲ್ಲಿ ತೇಲುತ್ತಿದ್ದರೂ ಚಿಂತೆಯಿಲ್ಲ. ಆ ಉಂಡೆ ಎತ್ತರಕ್ಕೆ ಬೆಳೆಯತೊಡಗಿದರೆ ಎಚ್ಚರ. ಹೂಕೋಸಿನಂತೆ ಮೇಲೆ ಮೇಲೆ ಉಬ್ಬುತ್ತಾ, ತಳ ಕಪ್ಪಾಗುತ್ತಾ ಬಂದರೆ ಅದು ಗುಡುಗು ಮೋಡ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿದರೆ ಮಳೆ ಹತ್ತಿರದಲ್ಲೇ ಇದೆ.

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಬೆಳಕು ಕ್ಷಣಾರ್ಧದಲ್ಲಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡ್. ಮಿಂಚಿಗೂ ಗುಡುಗಿಗೂ ನಡುವೆ 12 ಎಣಿಸಿದರೆ ಸಿಡಿಲು ಬಿದ್ದದ್ದು ನಾಲ್ಕು ಕಿಲೋಮೀಟರ್ ಆಚೆ. ಎಣಿಕೆ 30 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯದ ವಲಯದಲ್ಲಿದ್ದೀರಿ ಎಂದು ಲೆಕ್ಕ. ನೆತ್ತಿ ಎಷ್ಟೇ ಹತ್ತಿರವಿದ್ದರೂ ಬೋಳು ಗುಡ್ಡದಿಂದ ಕೆಳಗಿಳಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲೆ ಹೋಗಬಾರದು.

ಒಂಟಿ ಮರದ ಕೆಳಗೆ ನಿಲ್ಲಬಾರದೆಂದು ಎಲ್ಲರಿಗೂ ಗೊತ್ತು. ನಾಲ್ಕು ಕಡೆ ತೆರೆದ ಕಲ್ಲಿನ ಮಂಟಪ ಮಳೆಗೆ ಮರೆಯಾಗುತ್ತದೆಯೇ ಹೊರತು ಸಿಡಿಲಿಗೆ ರಕ್ಷಣೆಯಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಇಳಿಯಲು ಹೊತ್ತೇ ಸಿಗದಿದ್ದರೆ ಗುಡ್ಡದ ಏಣಿನಿಂದ ತಗ್ಗಿಗೆ ಬಂದು, ಒಬ್ಬರಿಂದೊಬ್ಬರು ದೂರವಿದ್ದು, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಮಲಗಬಾರದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿರುವ ‘ದಾಮಿನಿ’ ಎಂಬ ಆ್ಯಪ್ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ. ಆದರೆ ಬೆಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಎಣಿಕೆ ಕೈಕೊಡುವುದಿಲ್ಲ.

ಹಳ್ಳದ ಮೇಲೂ ಕಣ್ಣಿರಲಿ. ತಿಳಿಯಾಗಿದ್ದ ನೀರು ಕೆಂಪಗಾದರೆ, ಎಲೆ ಕಡ್ಡಿ ತೇಲಿ ಬಂದರೆ ಮೇಲೆ ಎಲ್ಲೋ ಜೋರು ಮಳೆಯಾಗಿದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಸರಿ, ದಾಟಬೇಡಿ. ಬೆಟ್ಟದ ಹಳ್ಳ ಎಷ್ಟು ಬೇಗ ಏರುತ್ತದೆಯೋ, ಮಳೆ ನಿಂತ ಮೇಲೆ ಸಾಮಾನ್ಯವಾಗಿ ಅಷ್ಟೇ ಬೇಗ ಇಳಿಯುತ್ತದೆ. ಎತ್ತರದ ಜಾಗದಲ್ಲಿ ಕಾದರೆ ಆಯಿತು.

ಹನ್ನೆರಡು ಗಂಟೆಯ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎಷ್ಟು ಹೊತ್ತಿಗೆ ಹಿಂತಿರುಗಬೇಕು?

ನವೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಆರರ ಸುಮಾರಿಗೆ. ದಟ್ಟ ಕಾಡಿನೊಳಗೆ ಐದೂವರೆಗೇ ಮಬ್ಬು ಕವಿಯುತ್ತದೆ. ಕತ್ತಲಾದ ಮೇಲೆ ಅದು ಆನೆ, ಕಾಟಿಗಳ ದಾರಿ. ಹಾಗಾಗಿ ಐದು ಗಂಟೆಗೆ ಬುಡ ತಲುಪಿರಬೇಕು. ಇಳಿಯಲು ಐದು ತಾಸು ಬೇಕೆಂದು ಇಟ್ಟುಕೊಳ್ಳಿ. ಐದರಲ್ಲಿ ಐದು ತಾಸು ಹಿಂದಕ್ಕೆ ಎಣಿಸಿದರೆ ಮಧ್ಯಾಹ್ನ 12. ಅಲ್ಲಿಗೆ ಲೆಕ್ಕ ಮುಗಿಯಿತು. 12 ಗಂಟೆಗೆ ನೆತ್ತಿಯ ಮೇಲಿದ್ದರೆ ಸಂತೋಷ. ಶೇಷ ಪರ್ವತದಲ್ಲಿದ್ದರೂ ಅಲ್ಲಿಂದಲೇ ವಾಪಸು. ಕಲ್ಲುಮಂಟಪದಲ್ಲಿದ್ದರೂ ಅಲ್ಲಿಂದಲೇ ವಾಪಸು. ಅರಣ್ಯ ಇಲಾಖೆ ಇದಕ್ಕಿಂತ ಮುಂಚಿನ ಹೊತ್ತು ನಿಗದಿ ಮಾಡಿದ್ದರೆ ಅದೇ ಅಂತಿಮ.

ಈ ಹೊತ್ತನ್ನು ಹಿಂದಿನ ರಾತ್ರಿಯೇ, ಮನೆಯಲ್ಲಿ ಕೂತು, ತಂಪು ತಲೆಯಲ್ಲಿ ನಿರ್ಧರಿಸಬೇಕು. ಯಾಕೆಂದರೆ ನೆತ್ತಿ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ನ್ಯಾಯವಾಗಿ ಯೋಚಿಸುವುದಿಲ್ಲ. ‘ಇನ್ನು ಅರ್ಧ ಗಂಟೆ ಅಷ್ಟೇ’ ಅನ್ನುತ್ತದೆ. ಇನ್ನೊಂದು ಒತ್ತಡವೂ ಇದೆ. ಈಗ ಈ ಚಾರಣಕ್ಕೆ ಮುಂಚಿತವಾಗಿ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ರಾತ್ರಿ ಬಸ್ಸಿನ ಟಿಕೆಟ್, ರೂಮು, ಆಫೀಸಿನ ರಜೆ ಎಲ್ಲವೂ ಆ ಒಂದು ದಿನಕ್ಕೆ ಅಂಟಿಕೊಂಡಿರುತ್ತವೆ. ‘ಇಷ್ಟೆಲ್ಲ ಖರ್ಚು ಮಾಡಿ ಬಂದು ಹಾಗೇ ಹೋಗುವುದೇ?’ ಎಂಬ ಸಂಕಟವೇ ಎಷ್ಟೋ ಜನರನ್ನು ಮೋಡದೊಳಕ್ಕೆ ತಳ್ಳುತ್ತದೆ. ಖರ್ಚಾದ ಹಣ ಮೇಲಕ್ಕೆ ಹೋದರೂ ವಾಪಸು ಬರುವುದಿಲ್ಲ, ಕೆಳಕ್ಕೆ ಬಂದರೂ ಬರುವುದಿಲ್ಲ. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು.

ಗುಂಪಿನಲ್ಲಿ ಇನ್ನೊಂದು ಒಪ್ಪಂದ ಇರಲಿ. ಯಾರೇ ಒಬ್ಬರು ‘ನನಗೆ ಸಾಕು’ ಅಂದರೆ ಎಲ್ಲರೂ ನಿಲ್ಲಬೇಕು, ಅವರು ಎಲ್ಲರಿಗಿಂತ ಚಿಕ್ಕವರಾದರೂ ಸರಿ. ಹಾಗೆ ಹೇಳಿದವರನ್ನು ಗೇಲಿ ಮಾಡಬಾರದು. ಮಕ್ಕಳು ಚಳಿಯಾದರೂ ಹೇಳದೆ ನಡೆಯುತ್ತಿರುತ್ತಾರೆ. ಮಾತಾಡುತ್ತಿದ್ದ ಮಗು ಸುಮ್ಮನಾದರೆ, ಎಡವತೊಡಗಿದರೆ, ಬೆರಳು ಸೆಟೆದುಕೊಂಡರೆ ಗಡಿಯಾರ ನೋಡುವ ಅಗತ್ಯವೂ ಇಲ್ಲ. ಒದ್ದೆ ಬಟ್ಟೆ ಬದಲಿಸಿ, ಏನಾದರೂ ಸಿಹಿ ತಿನ್ನಿಸಿ, ಇಳಿಯಲು ಶುರು ಮಾಡಬೇಕು.

ನೂರು ಮೀಟರ್ ಬಾಕಿ ಇರುವಾಗ

ಹಿಂತಿರುಗುವುದು ಸೋಲು ಎಂದು ಅನ್ನಿಸುತ್ತದೆಯೇ? ಹಾಗಾದರೆ ಎವರೆಸ್ಟಿನ ಎರಡು ಕಥೆ ಕೇಳಿ.

1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು ಎಲ್ಲರಿಗೂ ಗೊತ್ತು. ಅವರಿಗಿಂತ ಮೂರು ದಿನ ಮೊದಲು, ಮೇ 26ರಂದು, ಅದೇ ತಂಡದ ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ದಕ್ಷಿಣ ಶಿಖರದವರೆಗೆ ಹೋಗಿದ್ದರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಏರಿದ್ದು ದಾಖಲಾಗಿರಲಿಲ್ಲ. ನೆತ್ತಿಗೆ ಉಳಿದದ್ದು ಸುಮಾರು ನೂರು ಮೀಟರ್ ಎತ್ತರ. ಆದರೆ ಹೊತ್ತು ಮಧ್ಯಾಹ್ನ ದಾಟಿತ್ತು, ಆಮ್ಲಜನಕದ ಉಪಕರಣ ತೊಂದರೆ ಕೊಟ್ಟಿತ್ತು. ಮುಂದೆ ಹೋದರೆ ಜೀವಂತ ಇಳಿಯುವ ಭರವಸೆಯಿರಲಿಲ್ಲ. ಇಬ್ಬರೂ ಹಿಂತಿರುಗಿದರು. ಅವರು ಮೇಲೆ ಬಿಟ್ಟು ಬಂದಿದ್ದ ಆಮ್ಲಜನಕದ ಸಿಲಿಂಡರುಗಳು ಮೂರು ದಿನದ ನಂತರ ತೇನ್‌ಸಿಂಗ್, ಹಿಲರಿ ಇಳಿದು ಬರುವಾಗ ಉಪಯೋಗಕ್ಕೆ ಬಂದವು.

ಎರಡನೆಯದು ಸ್ವೀಡನ್ನಿನ ಯೋರಾನ್ ಕ್ರಾಪ್ ಕಥೆ. 1995ರಲ್ಲಿ ತನ್ನ ದೇಶದಿಂದ ಸೈಕಲ್ ತುಳಿಯಲು ಶುರು ಮಾಡಿ, ನೇಪಾಳದವರೆಗೆ ಬಂದ ಸಾಹಸಿ ಈತ. 1996ರ ಮೇ 3ರಂದು ಎವರೆಸ್ಟಿನ ನೆತ್ತಿಗೆ ಸುಮಾರು ನೂರು ಮೀಟರ್ ಇರುವಾಗ ಹೊತ್ತು ಮೀರಿತೆಂದು ಇಳಿದುಬಿಟ್ಟ. ಅಷ್ಟು ದೂರ ಸೈಕಲ್ ತುಳಿದು ಬಂದವನು! ಅದೇ ತಿಂಗಳ 10 ಮತ್ತು 11ರಂದು ಎದ್ದ ಬಿರುಗಾಳಿಯಲ್ಲಿ, ಬೇರೆ ತಂಡಗಳ ಎಂಟು ಜನ ಆ ಬೆಟ್ಟದಲ್ಲಿ ಪ್ರಾಣ ಕಳೆದುಕೊಂಡರು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೂ ಅಂದು ಹಲವರು ನೆತ್ತಿಯ ಕಡೆಗೆ ಏರುತ್ತಲೇ ಇದ್ದರು. ಕ್ರಾಪ್ ಮತ್ತೆ ಪ್ರಯತ್ನಿಸಿ ಮೇ 23ರಂದು ಶಿಖರ ಮುಟ್ಟಿದ.

ಅಜ್ಜ ಅಜ್ಜಿಯರ ಕೈಯಲ್ಲಿ ಒಂದು ಚೀಟಿ

ಮಂಡಿ ನೋವಿನಿಂದ ಬೆಟ್ಟ ಹತ್ತಲಾಗದ ಹಿರಿಯರಿಗೆ ಈ ಪ್ರಯಾಣದಲ್ಲಿ ದೊಡ್ಡ ಪಾತ್ರವೊಂದಿದೆ. ಹೊರಡುವ ಮೊದಲು ಮೊಮ್ಮಕ್ಕಳು ಒಂದು ಚೀಟಿ ಬರೆದು ಅಜ್ಜನ ಕೈಗೋ ಅಜ್ಜಿಯ ಕೈಗೋ ಕೊಡಬೇಕು. ಅದರಲ್ಲಿ ಇಷ್ಟಿರಲಿ:

* ಯಾರು ಯಾರು ಹೋಗುತ್ತಿದ್ದೇವೆ, ಯಾವ ದಾರಿಯಿಂದ ಏರುತ್ತೇವೆ
* ಯಾವ ವಾಹನ, ಎಲ್ಲಿ ನಿಲ್ಲಿಸುತ್ತೇವೆ
* ಎಷ್ಟು ಗಂಟೆಗೆ ಹಿಂತಿರುಗುತ್ತೇವೆ
* ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೇವೆ
* ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು: ಅಲ್ಲಿಯ ಅರಣ್ಯ ಕಚೇರಿ ಮತ್ತು ತುರ್ತು ಸಂಖ್ಯೆ 112

ಕಾಡಿನಲ್ಲಿ ಫೋನ್ ಸಿಗದಿರುವುದು ಸಹಜ. ಹಾಗಾಗಿ ಅರ್ಧ ಗಂಟೆ ತಡವಾದ ಕೂಡಲೇ ಗಾಬರಿಯಾಗದಂತೆ, ಇಳಿಯುವ ಹೊತ್ತಿಗಿಂತ ಒಂದೆರಡು ತಾಸು ಮುಂದಕ್ಕೆ ಫೋನಿನ ಗಡುವು ಇಟ್ಟುಕೊಳ್ಳಿ. ಗಡುವು ದಾಟಿದರೆ ಮಾತ್ರ ಸಂಕೋಚ ಬೇಡ, ಕರೆ ಮಾಡಿಬಿಡಿ. ಎಲ್ಲಿ ಹುಡುಕಬೇಕು ಎಂದು ಗೊತ್ತಿದ್ದರೆ ಹುಡುಕುವವರ ಅರ್ಧ ಕೆಲಸ ಮುಗಿದಂತೆ. ಮನೆಗೆ ಮುಟ್ಟಿದ ಮೇಲೆ ಚೀಟಿಯನ್ನು ವಾಪಸು ಪಡೆದು ಹರಿಯುವ ಕೆಲಸ ಮೊಮ್ಮಕ್ಕಳದು.

ಬ್ಯಾಗಿನ ವಿಷಯದಲ್ಲೂ ಹಿರಿಯರ ಮಾತಿಗೆ ಬೆಲೆಯಿದೆ. ಮಲೆನಾಡಿನವರು ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕುತ್ತಿದ್ದರಲ್ಲ, ಅದರಲ್ಲಿ ವಿಜ್ಞಾನವಿದೆ. ಉಣ್ಣೆ ತೊಯ್ದರೂ ಮೈ ಬೆಚ್ಚಗಿಡುತ್ತದೆ. ಹತ್ತಿ ಬಟ್ಟೆ ತೊಯ್ದರೆ ಮೈಯ ಬಿಸಿಯನ್ನೇ ಹೀರುತ್ತದೆ. ಆದ್ದರಿಂದ ಒಂದು ಸ್ವೆಟರ್, ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳಿ. ರೇನ್‌ಕೋಟ್, ಟಾರ್ಚ್, ನೀರು, ಕಡಲೆ ಬೆಲ್ಲ, ಉಂಬಳಕ್ಕೆ ಒಂದು ಪೊಟ್ಟಣ ಉಪ್ಪು ಇರಲಿ. ಬೆಳಿಗ್ಗೆ ಬಿಸಿಲಿದೆಯೆಂದು ರೇನ್‌ಕೋಟನ್ನು ಕಾರಿನಲ್ಲೇ ಬಿಟ್ಟು ಹೋದರೆ ಊಟಕ್ಕಿಲ್ಲದ ಉಪ್ಪಿನಕಾಯಿಯ ಗತಿ ಆದೀತು. ಪ್ಲಾಸ್ಟಿಕ್ ಚೀಲ ಒಂದೂ ಬಿಡದೆ ಕೆಳಗೆ ವಾಪಸು ಬರಬೇಕು, ನೆನಪಿರಲಿ.

ಚಿಕ್ಕ ಮಕ್ಕಳಿಗೆ ಮೊದಲ ಬೆಟ್ಟವೇ ಕುಮಾರ ಪರ್ವತ ಆಗಬೇಕಿಲ್ಲ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳೋ ನಿಮ್ಮೂರಿನ ಪಕ್ಕದ ಗುಡ್ಡವೋ ಸಾಕು. ಅಲ್ಲೂ ಮೋಡ ಕಟ್ಟುತ್ತದೆ, ಅಲ್ಲೂ ಮಿಂಚು ಎಣಿಸಬೇಕು, ಅಲ್ಲೂ ಹಿಂತಿರುಗುವ ಹೊತ್ತು ಇಟ್ಟುಕೊಳ್ಳಬೇಕು. ಕಲಿಯುವುದು ಅದನ್ನೇ. ಮಳೆಯಿಂದ ಬೆಟ್ಟ ತಪ್ಪಿದ ಭಾನುವಾರ ಕುಕ್ಕೆಯಲ್ಲಿದ್ದರೆ, ಸುರಕ್ಷಿತ ದಡದಲ್ಲಿ ನಿಂತು ಕುಮಾರಧಾರೆಯ ಬಣ್ಣ ನೋಡಿ. ನಿನ್ನೆ ನೆತ್ತಿಯ ಮೇಲೆ ಎಷ್ಟು ಮಳೆಯಾಯಿತೆಂದು ಹೊಳೆಯೇ ಹೇಳುತ್ತಿರುತ್ತದೆ.

ಕೊನೆಗೆ ಈ ವಾರವೇ ಮಾಡಬಹುದಾದ ಒಂದು ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನವೂ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಐದಕ್ಕೆ ಅಂಗಳದಿಂದಲೋ ಮಹಡಿಯಿಂದಲೋ ಆಕಾಶ ನೋಡಿ ಮೋಡ ಹೇಗಿತ್ತೆಂದು ಬರೆಯಿರಿ. ಶಾಲೆಗೆ ಹೋದ ಹೊತ್ತಿನ ಕಾಲಂ ತುಂಬುವ ಕೆಲಸ ಅಜ್ಜ ಅಜ್ಜಿಯರದು. ಪಕ್ಕದಲ್ಲಿ ಎರಡು ಮನೆ ಬಿಡಿ: ಇವತ್ತಿನ ಹವಾಮಾನ ವರದಿ ಏನು ಹೇಳಿತ್ತು, ಅಜ್ಜಿ ಏನು ಹೇಳಿದ್ದರು. ತಿಂಗಳ ಕೊನೆಗೆ ಎರಡನ್ನೂ ತಾಳೆ ಹಾಕಿ ನೋಡಿ. ಮಧ್ಯಾಹ್ನ ಎರಡು ಗಂಟೆಯ ಮೋಡ ಸಂಜೆ ಐದಕ್ಕೆ ಏನಾಯಿತೆಂದು ಒಂದು ತಿಂಗಳು ಗಮನಿಸಿದ ಮಗು ಬೆಟ್ಟದ ಮೇಲೆ “ಚಿಕ್ಕಪ್ಪಾ, ಈಗ ಇಳಿಯೋಣ” ಅಂದರೆ, ಆ ಮಾತನ್ನು ದೊಡ್ಡವರು ಕೇಳಬಹುದು.